ಖಾಲಿ ಬಿಟ್ಟ ಸರ್‌ನೇಮ್

ಫೆಬ್ರವರಿ ಹನ್ನೊಂದರ ಬೆಳಿಗ್ಗೆ ಹತ್ತು ಗಂಟೆಗೆ ಚಂದ್ರಪ್ರಭಾ ದೆಹಲಿಯ ಮುನಿರ್ಕಾ ಸಮೀಪದ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಮಧ್ಯಾಹ್ನ ಖಾಸಗಿ ಸಂಶೋಧನಾ ಸಂಸ್ಥೆಯೊಂದರ ಪ್ರಯೋಗಾಲಯಕ್ಕೆ ಬೆಂಕಿ ಬಿದ್ದು, ಅಲ್ಲಿ ಕೆಲಸಕ್ಕಿದ್ದ ಅವರ ಮಗಳು ಧಾರಿಣಿ ಹೊಗೆಯಲ್ಲಿ ಉಸಿರುಕಟ್ಟಿ ಸತ್ತಿದ್ದಳು.

"ಒಳಗೆ ಯಾರೂ ಇಲ್ಲ ಅಂದರಂತೆ ಸರ್. ನನ್ನ ಮಗಳು ಯಾರೂ ಅಲ್ವಾ?"

ಅಲ್ಲಿನ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದ ಕನ್ನಡಿಗ ಇನ್‌ಸ್ಪೆಕ್ಟರ್ ನಾರಾಯಣಸ್ವಾಮಿ ಎಫ್‌ಐಆರ್ ದಾಖಲಿಸಿದರು.

ಸಂಸ್ಥೆಯವರು ಗೇಟಿನ ಕಾವಲುಗಾರನತ್ತ ಬೊಟ್ಟು ಮಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಪಾಪ, ಅವನು ಅಗ್ನಿಶಾಮಕ ದಳದವರಿಗೆ ಹೇಳಿದ್ದು, ಒಳಗಿರುವವರ ಹೆಸರು ತೋರಿಸುವ ಗೇಟಿನ ಕಂಪ್ಯೂಟರ್ ಪರದೆಯಲ್ಲಿ ಕಂಡದ್ದನ್ನೇ: ಯಾರೂ ಇಲ್ಲ. ಹಾಗಾಗಿ ಅವರು ಒಳಗೆ ಹುಡುಕಲಿಲ್ಲ.

ಸ್ಥಳದ ಪಂಚನಾಮೆ ಮುಗಿಯುವಷ್ಟರಲ್ಲಿ ಕಾನ್‌ಸ್ಟೇಬಲ್ ನಿಶ್ಮಿತಾ ಕಂಪ್ಯೂಟರ್ ಕೋಣೆಯಿಂದ ಬಂದಳು.

"ಸರ್, ಧಾರಿಣಿ ಕಾರ್ಡ್ ಸ್ವೈಪ್ ಮಾಡಿ ಒಳಗೆ ಹೋಗಿದ್ದಾಳೆ. ಲೇಕಿನ್ ಸಿಬ್ಬಂದಿ ಡೈರೆಕ್ಟರಿಯಲ್ಲಿ ಅವಳ ಹೆಸರೇ ಇಲ್ಲ. ಹೆಸರು ಸಿಗದ ಕಾರ್ಡನ್ನ ಗೇಟಿನ ಸ್ಕ್ರೀನ್ ತೋರಿಸಲ್ಲ."

"ಸೇರಿ ನಾಲ್ಕು ತಿಂಗಳಾಯ್ತಲ್ಲ, ಹೆಸರು ಯಾಕಿಲ್ಲ?"

"ಸರ್‌ನೇಮ್ ಖಾಲಿ, ಸರ್. ಡೈರೆಕ್ಟರಿ ಅದನ್ನ ಒಪ್ಪಲ್ಲ, ಎರರ್ ಕೊಡುತ್ತೆ. ಪ್ರೋಗ್ರಾಮ್ ಆ ಎರರನ್ನ ನುಂಗಿಕೊಂಡು 'ಸೇವ್ ಆಯ್ತು' ಅಂತ ತೋರಿಸಿದೆ."

ನಮ್ಮ ಕಡೆಯ ಎಷ್ಟೋ ಮಂದಿಗೆ ಇರುವುದು ಒಂದೇ ಹೆಸರು. ದೆಹಲಿಯಲ್ಲಿ ಹೋದಲ್ಲೆಲ್ಲ ಇನ್ನೊಂದನ್ನು ಕೇಳುತ್ತಾರೆ. ಆ ಕಿರಿಕಿರಿ ನಾರಾಯಣಸ್ವಾಮಿಗೂ ಹೊಸದಲ್ಲ.

ಪ್ರೋಗ್ರಾಮ್ ಬರೆದ ಅನೀಶ್‌ನನ್ನು ಸಂಜೆ ಠಾಣೆಗೆ ಕರೆಸಿದರು. ಅವನೂ ಕನ್ನಡದವನೇ.

"ಎರರ್ ಬಾಯಿ ಮುಚ್ಚಿಸಿದ್ದು ಯಾರು?"

"ನಾನೇ ಸರ್."

"ಬೆಂಕಿ ಬಿದ್ದ ಮೇಲೆ ಆ ಎರರ್ ದಾಖಲಾಗಿದ್ದ ಹಳೇ ಲಾಗ್ ಅಳಿಸಿದ್ದು?"

ಅನೀಶ್ ತಲೆ ತಗ್ಗಿಸಿದ. "ನಾನೇ."

"ಅವಳ ಹೆಸರು ಸೇರಿಲ್ಲ ಅಂತ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಫೋನ್ ಮಾಡಿ ಸರ್‌ನೇಮ್ ಕೇಳಿದ್ದೆ. 'ನನಗಿರೋದು ಒಂದೇ ಹೆಸರು, ಹಾಗೇ ಸೇರಿಸಿ ಅಣ್ಣಾ' ಅಂದಳು. ಆಯ್ತಮ್ಮಾ ಅಂದೆ."

ನಿರ್ಲಕ್ಷ್ಯದಿಂದ ಸಾವು ಮತ್ತು ಸಾಕ್ಷ್ಯನಾಶದ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಪರದೆಯ ಮೇಲೆ ಒಂದು ಎರರ್ ಕಂಡರೂ ಕೆಲಸದಿಂದ ತೆಗೆಯುತ್ತೇನೆಂದು ಮೇಲಧಿಕಾರಿ ಗದರಿಸಿದ್ದರಂತೆ. ಆ ಹೆದರಿಕೆಗೆ ಮುಚ್ಚಿಟ್ಟ, ಆಮೇಲೆ ಸರಿಮಾಡೋಣವೆಂದುಕೊಂಡ, ಮಾಡಲಿಲ್ಲ. ಇಷ್ಟಕ್ಕೆ ಒಂದು ಜೀವ ಹೋಯಿತಲ್ಲ!

ಬಂಧನದ ಕಾಗದಕ್ಕೆ ಪೂರ್ತಿ ಹೆಸರು ಬೇಕಿತ್ತು.

"ಅನೀಶ್ ಕುಮಾರ್."

"ಕುಮಾರ್ ನಿಮ್ಮ ಮನೆತನದ್ದಾ?"

"ಅಲ್ಲ ಸರ್. ನನಗೂ ಇರೋದು ಒಂದೇ ಹೆಸರು. ಡೈರೆಕ್ಟರಿ ಒಪ್ಪಲಿ ಅಂತ ಕುಮಾರ್ ನಾನೇ ಹಾಕ್ಕೊಂಡಿದ್ದು."

ನಾರಾಯಣಸ್ವಾಮಿ ಪೆನ್ನು ಕೆಳಗಿಟ್ಟರು.

"ಅವಳಿಗೂ ಒಂದು ಹಾಕಿದ್ದರೆ ಬದುಕ್ತಿದ್ದಳಲ್ಲೋ."