ತಪ್ಪಿನ ಅಡುಗೆಮನೆ

ನಮ್ಮ ಮ್ಯೂಸಿಯಂನಲ್ಲಿ ಒಂದು ಅಡುಗೆಮನೆಯಿದೆ. ಅಲ್ಲಿ ಎಲ್ಲವೂ ತಪ್ಪು. ಹಸಿ ಮಾಂಸ ಕತ್ತರಿಸಿದ ಹಲಗೆಯ ಮೇಲೇ ಸೌತೆಕಾಯಿ, ಸಿಂಕಿನ ಪಕ್ಕದಲ್ಲೇ ಬಾಯಿ ತೆರೆದ ಕಸದ ಬುಟ್ಟಿ, ಮುಚ್ಚಳವಿಲ್ಲದ ಪಾತ್ರೆ. ಪದಾರ್ಥಗಳೆಲ್ಲ ಪ್ಲಾಸ್ಟಿಕ್ಕಿನವು. ಶಾಲೆಯ ಮಕ್ಕಳು ಬಂದು ತಪ್ಪು ಹುಡುಕಬೇಕು. ಬೆಳಿಗ್ಗೆ ಆ ತಪ್ಪುಗಳನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿಡುವ ಗೈಡು ನಾನು.

ಒಂದು ದಿನ ಮಕ್ಕಳಿಗೆ ತಪ್ಪೇ ಸಿಗಲಿಲ್ಲ. ಹಲಗೆ ತೊಳೆದು ಗೋಡೆಗೆ ಒರಗಿಸಿತ್ತು, ಪಾತ್ರೆ ಮುಚ್ಚಿತ್ತು. ಟೀಚರ್ ನನ್ನ ಮುಖ ನೋಡಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮರುದಿನ ಕಂಬದ ಹಿಂದೆ ನಿಂತು ಕಾದೆ. ಶುಚಿತ್ವದ ತರಬೇತಿಗೆಂದು ನಮ್ಮಲ್ಲಿಗೆ ಬರುತ್ತಿದ್ದ ಹಾಸ್ಟೆಲಿನ ಅಡುಗೆಯವರೊಬ್ಬರು ಟೀ ಹೊತ್ತಿಗೆ ಮೆಲ್ಲನೆ ಬಂದು ಪಾತ್ರೆಗೆ ಮುಚ್ಚಳ ಹಾಕಿದರು.

"ಏನ್ರೀ ಇದು? ನನ್ನ ತಪ್ಪನ್ನೆಲ್ಲ ಸರಿ ಮಾಡ್ತಿದ್ದೀರಲ್ಲ."

"ಪ್ಲಾಸ್ಟಿಕ್ಕು ಅಂತ ಗೊತ್ತು ಮೇಡಂ," ಎಂದರು. ಕಿವಿ ಕೆಂಪಾಗಿತ್ತು. "ಆದ್ರೂ ತೆರೆದಿದ್ರೆ ಮನಸ್ಸು ತಡೆಯಲ್ಲ."

ಬೈಯಲು ಹೋದವಳು ನಕ್ಕುಬಿಟ್ಟೆ. ಆಮೇಲೆ ದಿನವೂ ಅದೇ ಆಟ. ಅವರು ಮುಚ್ಚುವುದು, ಮಕ್ಕಳು ಬರುವ ಮೊದಲು ನಾನು ಮತ್ತೆ ತೆರೆಯುವುದು. ಅವರು ಸೋಪು ಹಚ್ಚಿ ಬೆರಳ ಸಂದುಗಳನ್ನು ತಿಕ್ಕುವುದನ್ನು, ತೊಳೆದ ಕೈ ತಾಗಿಸದೆ ಮೊಣಕೈಯಿಂದ ನಲ್ಲಿ ನಿಲ್ಲಿಸುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಕೈ ತೊಳೆಯುವ ಗಂಡಸನ್ನು ಯಾರಾದರೂ ಹೀಗೆ ನೋಡುತ್ತಾರೆಯೇ ಎಂದು ನನಗೇ ನಾಚಿಕೆಯಾಗುತ್ತಿತ್ತು.

ನಾನು ಹೊರಗೆ ಎಲ್ಲೂ ಉಣ್ಣುವವಳಲ್ಲ; ಒಮ್ಮೆ ಮಾತಿಗೆ ಅವರಿಗೂ ಹೇಳಿದ್ದೆ. ಕೂಡಿಬಂದಿದ್ದ ಸಂಬಂಧವೊಂದು, ಗಂಡಿನ ಮನೆಯವರ ಅಡುಗೆಮನೆ ಕಂಡು ನಾನು ತಟ್ಟೆ ಮುಟ್ಟದೆ ಎದ್ದದ್ದಕ್ಕೇ ಮುರಿದುಬಿತ್ತು. ಹೀಗೇ ಆದರೆ ಜನ್ಮವಿಡೀ ಒಬ್ಬಳೇ ಉಣ್ಣುತ್ತೀಯ ಎಂದು ಅತ್ತಿಗೆ ಹೇಳಿದ್ದರು. ಒಬ್ಬಳೇ ಉಣ್ಣುವುದು ನಿಜಕ್ಕೂ ಸಾಕಾಗಿತ್ತು.

ತರಬೇತಿ ಮುಗಿಯಿತು. ಮರುದಿನ ಪಾತ್ರೆ ತೆರೆದೇ ಇತ್ತು. ಮುಚ್ಚಳ ಇಲ್ಲ ಎಂದು ಮಕ್ಕಳು ಕೈತೋರಿಸಿದರು. ಸರಿಯಾಗಿ ಹೇಳಿದಿರಿ ಎಂದು ಬೆನ್ನು ತಟ್ಟುತ್ತಲೇ ಬಾಗಿಲ ಕಡೆ ನೋಡಿದೆ.

ಭಾನುವಾರ ಅವರು ಎಲ್ಲರಂತೆ ಟಿಕೆಟ್ ಕೊಂಡು ಬಂದರು. ಕೈಯಲ್ಲೊಂದು ಊಟದ ಡಬ್ಬಿ. ಹೊರಗಿನ ಬೆಂಚಿನ ಮೇಲೆ ಅದನ್ನಿಟ್ಟು, ನಾನು ಕೇಳುವ ಮೊದಲೇ ಒಪ್ಪಿಸತೊಡಗಿದರು: ತರಕಾರಿ ಉಪ್ಪುನೀರಲ್ಲಿ ತೊಳೆದದ್ದು, ಅನ್ನ ಈಗಷ್ಟೇ ಇಳಿಸಿದ್ದು. ಪರೀಕ್ಷೆಗೆ ಕೂತವರ ಹಾಗೆ ಬೆವರುತ್ತಿದ್ದರು.

ಕೈ ತೊಳೆದು ಬಂದು ತುತ್ತು ಬಾಯಿಗಿಟ್ಟೆ. ಉಪ್ಪು ಮುಂದಾಗಿತ್ತು. ತಪ್ಪು ಹುಡುಕಿಸುವುದೇ ಕೆಲಸವಾದ ನಾನು ಅದನ್ನು ಹೇಳಲಿಲ್ಲ.

"ನನ್ನ ಅಡುಗೆಮನೆ ನೀವು ನೋಡೇ ಇಲ್ಲ. ಹೇಗೆ ತಿಂದ್ರಿ?"

"ನಿಮ್ಮ ಕೈ ನೋಡಿದ್ದೀನಲ್ಲ."

ಅವರು ತಲೆ ತಗ್ಗಿಸಿ ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ, "ಅಡುಗೆಮನೆ ನೋಡೋಕೆ ಒಂದಿನ ಮನೆಗೆ ಬನ್ನಿ," ಎಂದರು.

"ತಪ್ಪು ಹುಡುಕೋಕಾ?"

"ಅಲ್ಲ. ಇರೋಕೆ."

ಅರ್ಧ ಅನ್ನವನ್ನು ಡಬ್ಬಿಯ ಮುಚ್ಚಳಕ್ಕೆ ಬಡಿಸಿ ಅವರ ಮುಂದೆ ಸರಿಸಿದೆ. ಇಬ್ಬರೂ ಉಂಡೆವು. ಡಬ್ಬಿ ಅಷ್ಟು ಹೊತ್ತೂ ತೆರೆದೇ ಇತ್ತು.