ಕೆಂಚರಾಯನ ಪಟ

ಬಹಳ ಬಹಳ ಹಿಂದೆ, ಏಳು ಕೆರೆಗಳಾಚೆಯ ಹೊನ್ನವಾಡಿ ರಾಜ್ಯದಲ್ಲಿ ಚೆಂಡುದಾಂಡಿನ ಆಟವೆಂದರೆ ಜನ ಪ್ರಾಣ ಬಿಡುತ್ತಿದ್ದರು. ಹೆಸರಾಂತ ದಾಂಡಿಗರನ್ನು ಅರಮನೆಯ ಚಿತ್ರಗಾರ ಅಂಗೈಯಗಲದ ಪಟದಲ್ಲಿ ಬರೆಯುತ್ತಿದ್ದ. ಪಟ ಹಿಡಿದು ಹೆಸರು ಕೂಗಿದರೆ ಸತ್ತ ದಾಂಡಿಗನೂ ಎದ್ದುಬಂದು ಒಂದೇ ಒಂದು ಚೆಂಡು ಹೊಡೆಯುತ್ತಿದ್ದ. ಆಮೇಲೆ ಪಟ ಬರಿದು. ಹಾಗಾಗಿ ಯಾರೂ ಕೂಗುತ್ತಿರಲಿಲ್ಲ. ಮೂಲೆ ಮುಕ್ಕಾಗದಂತೆ, ಬೆರಳು ಸೋಕದಂತೆ ಇಟ್ಟಷ್ಟು ವರ್ಷವೂ ಬೆಲೆ ಏರುತ್ತಿತ್ತು. ಎಂಥ ಜಾಣ ಜನ ನೋಡಿ!

ಆ ರಾಜ್ಯದ ಲಿಂಗರಸನೆಂಬವನ ಹೆಂಡತಿ ಚೆನ್ನಾಜಿ ತವರಿಂದ ತಂದದ್ದು ಒಂದೇ, ಹೆಸರಾಂತ ದಾಂಡಿಗನಾಗಿದ್ದ ಅವಳಪ್ಪ ಕೆಂಚರಾಯನ ಪಟ. ಅವಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವನು ತೀರಿಕೊಂಡಿದ್ದ. ಲಿಂಗರಸ ಆ ಪಟವನ್ನು ಗಂಧದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

“ರೀ, ಒಂದ್ಸಲ ಕೂಗೋಣ. ಅಪ್ಪಯ್ಯನ ದನಿ ಕೇಳ್ಬೇಕು” ಎಂದಳು ಚೆನ್ನಾಜಿ.

“ಹತ್ತು ವರ್ಷ ತಡಿಯೇ, ಪಟಕ್ಕೆ ಒಂದು ಕುದುರೆ ಬರುತ್ತೆ.”

ಹತ್ತು ವರ್ಷದ ಮೇಲೆ ಮತ್ತೆ ಕೇಳಿದಳು.

“ಇನ್ನೊಂದು ಹತ್ತು ವರ್ಷ ಹೋಗ್ಲಿ, ತೋಟಾನೇ ಬರುತ್ತೆ.”

ಮೂರನೆಯ ಸಲ ಕೇಳಿದಾಗ ಅವಳು ಹಾಸಿಗೆ ಹಿಡಿದಿದ್ದಳು. “ಇವತ್ತಾದ್ರೂ ಕೂಗ್ರೀ.”

“ಮೊದ್ಲು ಹುಷಾರಾಗು. ಈಗ ಅದಕ್ಕೆ ಒಂದು ಊರೇ ಬರುತ್ತೆ, ಗೊತ್ತಾ?”

ಚೆನ್ನಾಜಿ ಗೋಡೆಯ ಕಡೆ ಮಗ್ಗುಲಾದಳು. ಮೂರು ದಿನಕ್ಕೆ ಹೋಗಿಬಿಟ್ಟಳು. ಲಿಂಗರಸ ಎಷ್ಟೋ ದಿನ ಅತ್ತ.

ಮರುವರ್ಷ ಧೂಮ್ರನೆಂಬ ಮಾಂತ್ರಿಕ ರಾಜ್ಯದ ಮೇಲೆ ಬಿದ್ದ. ರಾಜ, ದನಕರು, ತೊಟ್ಟಿಲ ಕೂಸು, ಎಲ್ಲರನ್ನೂ ಕಲ್ಲು ಮಾಡುತ್ತ ಬಂದ. ಅವನ ಜೀವವಿದ್ದದ್ದು ಬೆಟ್ಟದ ತುದಿಯ ಗಾಜಿನ ಗಂಟೆಯಲ್ಲಿ. ಬೆಂಕಿಯುಗುಳುವ ಗೂಳಿ ಅದನ್ನು ಕಾಯುತ್ತಿತ್ತು, ಹತ್ತಿರ ಹೋಗುವಂತಿರಲಿಲ್ಲ. ಅಷ್ಟು ದೂರಕ್ಕೆ ಚೆಂಡು ಹೊಡೆಯಬಲ್ಲವನು ಕೆಂಚರಾಯನೊಬ್ಬನೇ.

ಲಿಂಗರಸ ಬೀಗ ತೆಗೆದು, ಮನೆಯಂಗಳದಲ್ಲಿ ನಿಂತು ಹೆಸರು ಕೂಗಿದ. ಕೆಂಚರಾಯ ಎದ್ದುಬಂದು ದಾಂಡು ಬೀಸಿದ. ಚೆಂಡು ಗೂಳಿಯ ಕೊಂಬಿನ ಮೇಲಿಂದ ಹಾರಿ ಗಂಟೆಗೆ ಬಡಿಯಿತು. ಗಂಟೆ ಚೂರಾಯಿತು, ಧೂಮ್ರ ಬೂದಿಯಾದ, ಕಲ್ಲಾದವರೆಲ್ಲ ಕಣ್ಣುಜ್ಜುತ್ತ ಎದ್ದರು.

ಮಾಸತೊಡಗಿದ ಕೆಂಚರಾಯ ಅವಸರದಲ್ಲಿ ಕೇಳಿದ: “ಏನಪ್ಪಾ, ನನ್ನ ಹೆಂಡ್ತಿ ತುಂಬಿದ ಬಸುರಿ ಇದ್ಲು. ಗಂಡು ಹುಟ್ತೋ, ಹೆಣ್ಣೋ?”

“ಹೆಣ್ಣು” ಎಂದ ಲಿಂಗರಸ. “ಚೆನ್ನಾಜಿ ಅಂತ.”

“ಹೌದೇ! ಕರೀ ಮತ್ತೆ, ಬೇಗ ಕರೀ!”

ಕೆಂಚರಾಯ ನಗುನಗುತ್ತಲೇ ಮನೆ ಬಾಗಿಲ ಕಡೆ ಕತ್ತು ಚಾಚಿ, ಹಾಗೆಯೇ ಕಾಣದಾದ.

ಆಮೇಲೆ ಹೊನ್ನವಾಡಿಯಲ್ಲಿ ಮಳೆಬೆಳೆ ಚೆನ್ನಾಗಿ ಆಯಿತು, ಎಲ್ಲರೂ ಉಂಡುಟ್ಟು ಸುಖವಾಗಿದ್ದರು. ಪಟಗಳ ಬೀಗ ತೆಗೆದು ಮನೆಮನೆಯಲ್ಲೂ ಹೆಸರು ಕೂಗಿದರು. ಆ ಕೂಗು ಕೇಳಿದಾಗಲೆಲ್ಲ ಲಿಂಗರಸ ಮಾತ್ರ ಕಿವಿ ಮುಚ್ಚಿಕೊಳ್ಳುತ್ತಿದ್ದ.