ಡಾಂಬರು ಕಾಣದ ದಾರಿಗಳು

ಸೈಕಲ್ ತಿರುವು ದಾಟಿದ ಕೂಡಲೇ ಅವಳ ಬೆರಳು ಬ್ರೇಕಿಗೆ ಹೋಯಿತು. ದಾರಿಯ ನಟ್ಟನಡುವೆ ಒಬ್ಬ ಗಂಡಸು ಮುಕ್ಕಾಲಿಯ ಮೇಲಿಟ್ಟ ಯಂತ್ರಕ್ಕೆ ಕಣ್ಣು ಕೊಟ್ಟು, ಲೋಕವನ್ನೇ ಮರೆತು ಬಗ್ಗಿ ನಿಂತಿದ್ದ.

ಕಡಿದಾದ ಇಳಿಜಾರು. ಕಾಲಿಟ್ಟರೆ ಜಾರುವ ಸಡಿಲ ಜಲ್ಲಿ. ಬ್ರೇಕ್ ಒತ್ತಿ ಹಿಡಿದರೆ ಸೈಕಲ್ ಪಲ್ಟಿ, ಹಿಡಿಯದಿದ್ದರೆ ನೇರ ಅವನ ಬೆನ್ನಿಗೆ...

"ಸರೀರೀ ಪಕ್ಕಕ್ಕೆ!"

ಅವನು ಸರಿಯಲಿಲ್ಲ. ಯಂತ್ರವನ್ನು ಕೂಸಿನಂತೆ ತಬ್ಬಿಕೊಂಡು ಅಲ್ಲೇ ಕಣ್ಣು ಮುಚ್ಚಿ ನಿಂತುಬಿಟ್ಟ. ಅವಳು ಸೈಕಲ್ಲನ್ನು ಪಕ್ಕದ ಹುಲ್ಲಿಗೆ ಹಾಯಿಸಿ, ಹ್ಯಾಂಡಲ್ ಸಮೇತ ಪೊದೆಯೊಳಗೆ ಹೋಗಿ ಬಿದ್ದಳು.

"ಪೆಟ್ಟಾಯ್ತಾ?" ಅವನು ಓಡಿ ಬಂದ.

"ನಿಮಗೆ ಜೀವಕ್ಕಿಂತ ಆ ಯಂತ್ರಾನೇ ಹೆಚ್ಚಾ?"

"ಇದು ಇಲಾಖೆದು. ಒಡೆದ್ರೆ ಹತ್ತು ಜನ ಕೇಳ್ತಾರೆ. ಜೀವ ನನ್ನ ಸ್ವಂತದ್ದು... ಯಾರೂ ಕೇಳಲ್ಲ."

ಬಯ್ಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ತಲೆತುಂಬ ಒಣಗಿದ ಎಲೆ ಸಿಕ್ಕಿಸಿಕೊಂಡು, ಮೊಣಕೈ ತರಚಿಕೊಂಡು, ಅಪರಿಚಿತನೊಬ್ಬನ ಮುಂದೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಅವಳ ಅಪ್ಪನದು ಗುಡ್ಡದ ಬುಡದ ಪೇಟೆಯಲ್ಲಿ ಸೈಕಲ್ ಅಂಗಡಿ. ಚಿಕ್ಕಂದಿನಿಂದ ಚಕ್ರಗಳ ನಡುವೆಯೇ ಬೆಳೆದ ಅವಳನ್ನು ಪೇಟೆಯವರೆಲ್ಲ 'ಗಾಲಿ' ಎಂದೇ ಕರೆಯುತ್ತಿದ್ದರು. ವಾರದ ದಿನ ರಿಪೇರಿ ಕೆಲಸ. ಭಾನುವಾರ ಬಂತೆಂದರೆ ದಪ್ಪ ಟೈರಿನ ಸೈಕಲ್ ಏರಿ, ಹೊರಗಿನಿಂದ ಬಂದವರನ್ನು ಗುಡ್ಡದ ಜಲ್ಲಿ ದಾರಿಗಳಲ್ಲಿ ಸುತ್ತಿಸಿ ತರುತ್ತಿದ್ದಳು.

ಅವನು ರಸ್ತೆ ಇಲಾಖೆಯ ಸರ್ವೇಯರ್, ಪೇಟೆಗೆ ಹೊಸದಾಗಿ ಬಂದವನು.

"ಇಲ್ಲಿ ಏನು ಅಳೀತಿದ್ದೀರಿ?" ಎಂದು ಅವಳು ಅಂದೇ ಕೇಳಿದ್ದಳು.

"ಮಳೆ ನೀರು ಯಾವ ಕಡೆ ಹರಿಯುತ್ತೆ ಅಂತ."

ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಅಂಗಡಿಯ ಮುಂದೆ ಹಾಜರಾದ. ಗುಡ್ಡ ಹತ್ತುವಂಥ ಸೈಕಲ್ ಬೇಕಂತೆ. ಅಪ್ಪ ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಮಗಳನ್ನ ಪೊದೆಗೆ ಹಾಕಿದೋರು ನೀವೇನಾ?"

"ಅದು... ಬೇಕಂತ ಅಲ್ಲ ಸರ್..."

"ಬನ್ನಿ ಬನ್ನಿ, ಕೂತ್ಕೊಳ್ಳಿ. ಇಷ್ಟು ವರ್ಷದಲ್ಲಿ ಅವಳನ್ನ ಒಂದು ಕಡೆ ತಡೆದು ನಿಲ್ಲಿಸೋಕೆ ನನಗಂತೂ ಆಗಿಲ್ಲ."

ಅವಳು ಕಿವಿಯವರೆಗೂ ಕೆಂಪಾಗಿ, ಸರಿಯಾಗಿಯೇ ಇದ್ದ ಚೈನಿಗೆ ಎರಡನೇ ಸಲ ಎಣ್ಣೆ ಬಿಟ್ಟಳು.

ಆಮೇಲಿನ ಆ ದಿನಗಳು... ಇವತ್ತಿಗೂ ನೆನೆದರೆ ಅವಳ ಮೂಗಿಗೆ ಬಿಸಿಲಿಗೆ ಕಾದ ಧೂಳಿನ ವಾಸನೆ ಬಡಿಯುತ್ತದೆ.

ಜಲ್ಲಿಯ ಮೇಲೆ ಹಿಡಿತ ಸಿಗಲೆಂದು ಟೈರಿನ ಗಾಳಿಯನ್ನು ಚೂರು ಇಳಿಸುವುದನ್ನು ಅವಳು ಕಲಿಸಿದಳು. ಮೋಡದ ಬಣ್ಣ ನೋಡಿ ವಾಪಸ್ ತಿರುಗುವ ಹೊತ್ತು ಹೇಳುವುದನ್ನು ಅವನು ಕಲಿಸಿದ. ಪೈನ್ ಮರಗಳ ನೆರಳಲ್ಲಿ ಸುತ್ತಿ ಹೋಗುವ ದಾರಿ, ಹಳೇ ಕಲ್ಲುಕ್ವಾರಿಯ ಹಿಂದಿನಿಂದ ಹಳ್ಳಕ್ಕಿಳಿಯುವ ದಾರಿ, ಕುರಿಗಳಿಗೆ ಬಿಟ್ಟರೆ ಅವಳಿಗೆ ಮಾತ್ರ ಗೊತ್ತಿದ್ದ ದಾರಿ... ಎಲ್ಲವನ್ನೂ ತೋರಿಸಿದಳು. ಏರು ಬಂದಾಗ ಅವನು ಏದುಸಿರು ಬಿಡುತ್ತ ಹಿಂದೆ ಉಳಿಯುತ್ತಿದ್ದ. ಅವಳು ಮೇಲೆ ಹೋಗಿ, ಬಂಡೆಗೊರಗಿ ಕಾಯುತ್ತಿದ್ದಳು. ಕಾಯುವುದು ಇಷ್ಟು ಹಿತವಾಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಎಲ್ಲಕ್ಕಿಂತ ಅವಳಿಗೆ ಪ್ರಿಯವಾದದ್ದು ಅವರಿಬ್ಬರೂ ಮೊದಲು ಭೇಟಿಯಾದ ನೆತ್ತಿ ದಾರಿ. ಅದರ ತುದಿಯ ಹಳ್ಳಿಯಲ್ಲಿ ಅವಳ ಸೋದರತ್ತೆಯ ಮನೆ. ಅತ್ತೆ ಬಿಸಿ ಹಾಲು ಕೊಟ್ಟು, ಅವನ ಲೋಟಕ್ಕೆ ಮಾತ್ರ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದರು.

"ನನಗ್ಯಾಕೆ ಇಲ್ಲ ಅತ್ತೆ?"

"ನೀನು ಮನೆಯವಳು. ಅವನು ಇನ್ನೂ ಆಗ್ಬೇಕಲ್ಲ."

ಅವನು ಹಾಲು ನೆತ್ತಿಗೇರಿ ಕೆಮ್ಮಿದ್ದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಅವಳು ಒಬ್ಬಳೇ ನೆತ್ತಿ ದಾರಿ ಹಿಡಿದಳು. ಮೊದಲ ತಿರುವಿನಲ್ಲೇ ಕೆಂಪು ಬಣ್ಣ ಬಳಿದ ಗೂಟಗಳು. ಆಚೆಗೆ ರೋಡ್ ರೋಲರ್. ಡಾಂಬರು ಕುದಿಯುವ ಡ್ರಮ್ಮುಗಳು.

ಅವನು ಅಲ್ಲೇ, ಕೆಲಸದವರ ಮಧ್ಯೆ ನಿಂತಿದ್ದ. ಅವಳನ್ನು ಕಂಡದ್ದೇ ಮುಖ ಸಪ್ಪಗಾಯಿತು.

"ಇದಕ್ಕೇನಾ ನೀವು ಅಳತೆ ಮಾಡಿದ್ದು?" ಅವಳು ಸೈಕಲ್ಲಿನಿಂದ ಇಳಿಯದೆಯೇ ಕೇಳಿದಳು.

"ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ... ಆದ್ರೆ..."

"ಇದಕ್ಕೇನಾ ನನ್ನ ಜೊತೆ ಬಂದಿದ್ದು? ದಾರಿ ತೋರಿಸೋಕೆ ಒಬ್ಬಳು ಪುಕ್ಕಟೆ ಸಿಕ್ಕಿದ್ಲು ಅಂತ?"

"ಹಾಗಲ್ಲ. ಒಂದು ನಿಮಿಷ ಕೇಳಿ..."

ಅವಳು ಕೇಳಲಿಲ್ಲ. ಸೈಕಲ್ ತಿರುಗಿಸಿದಳು. ಮೂರು ದಿನ ಅವನು ಅಂಗಡಿಗೆ ಬಂದ. ಮೂರು ದಿನವೂ ಅವಳು ಹಿಂದಿನ ಕೋಣೆಯಲ್ಲಿ ಚಕ್ರದ ಕಡ್ಡಿ ಬಿಗಿಯುತ್ತ ಕೂತಳು. ರಸ್ತೆ ಮುಗಿಯಿತು. ಅವನಿಗೆ ವರ್ಗವಾಯಿತು ಎಂಬ ಸುದ್ದಿ ಬಂತು.

ಆ ರಸ್ತೆಗೆ ಅವಳು ಮತ್ತೆ ಕಾಲಿಡಲಿಲ್ಲ. ಅತ್ತೆಯ ಮನೆಗೆ ಹೋಗಬೇಕೆಂದರೂ ಕ್ವಾರಿಯ ದಾರಿ ಸುತ್ತಿ ಹೋಗುತ್ತಿದ್ದಳು. ವರ್ಷಗಳು ಹಾಗೇ ಉರುಳಿದವು. ಕಾಯುತ್ತಿದ್ದ ಬಂಡೆಯ ಬಳಿ ಬಂದಾಗ ಮಾತ್ರ, ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದರೂ, ಕಾಲು ತಾನಾಗಿಯೇ ಪೆಡಲ್ ಬಿಟ್ಟು ನೆಲಕ್ಕೆ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ಫೋನ್ ಬಂತು. ಅತ್ತೆ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದರು.

ಅವಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಂಬುಲೆನ್ಸ್ ಆಗಲೇ ಬಂದಾಗಿತ್ತು.

"ಸರಿಯಾದ ಹೊತ್ತಿಗೆ ತಂದಿದ್ದಾರೆ. ಸ್ವಲ್ಪ ತಡವಾಗಿದ್ರೂ ಕಷ್ಟ ಇತ್ತು," ಎಂದರು ಡಾಕ್ಟರ್.

ಅವಳು ಗೋಡೆಗೆ ಒರಗಿದಳು. ನೆತ್ತಿ ದಾರಿಯ ಆ ಹಳೇ ಜಲ್ಲಿಯ ಮೇಲೆ ಆಂಬುಲೆನ್ಸ್ ಏರುತ್ತಿತ್ತೇ? ಒಂದೊಂದು ತಿರುವೂ ಅಂಗೈ ಗೆರೆಯಂತೆ ಗೊತ್ತಿದ್ದ ಅವಳಿಗೆ ಉತ್ತರವನ್ನು ಯಾರೂ ಹೇಳಬೇಕಾಗಿರಲಿಲ್ಲ.

ಚೇತರಿಸಿಕೊಂಡ ಅತ್ತೆ ಅವಳ ಕೈ ಹಿಡಿದುಕೊಂಡರು.

"ಆ ರಸ್ತೆ ಬೇಕು ಅಂತ ಕೇಳಿದ್ದು ನಾವೇ ಕಣೇ. ಊರೋರೆಲ್ಲ ಸೇರಿ ಕೇಳಿದ್ವಿ. ಅವನು ಬರೋಕೆ ಮುಂಚೇನೇ."

"ನನಗ್ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನು ಆ ದಾರೀನ ಅಷ್ಟು ಪ್ರೀತಿಸ್ತಿದ್ದೆ. ಬಾಯಿ ಬರ್ಲಿಲ್ಲ. ಅವನಿಗೂ ಹಾಗೇ ಆಗಿರ್ಬೇಕು." ಅತ್ತೆ ಸ್ವಲ್ಪ ಸುಧಾರಿಸಿಕೊಂಡರು. "ನಿನಗೆ ಅದು ಭಾನುವಾರದ ದಾರಿ. ನಮಗೆ ದಿನಾ ಅದೇ ದಾರಿ."

ಆ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವಳು ಬಹಳ ಹೊತ್ತು ಅತ್ತಳು. ಅಪ್ಪ ಪಕ್ಕದಲ್ಲಿ ಬಂದು ಕೂತರು.

"ಅಪ್ಪಾ... ಅವರು ಈಗ ಎಲ್ಲಿದ್ದಾರೋ."

"ಗುಡ್ಡದ ಆ ಮಗ್ಗುಲಲ್ಲಿ, ಹೊಳೆಗೆ ಸೇತುವೆ ಕಟ್ತಾ ಇದ್ದಾರಲ್ಲ, ಅಲ್ಲಿ."

ಅವಳು ತಿರುಗಿ ನೋಡಿದಳು. "ನಿಂಗೆ ಹೇಗೆ ಗೊತ್ತು?"

"ಒಂದಿನ ನೀನು ಕೇಳ್ತೀಯ ಅಂತ ವಿಚಾರಿಸಿ ಇಟ್ಕೊಂಡಿದ್ದೆ. ಸ್ವಲ್ಪ ಬೇಗ ಕೇಳಿದ್ದಿದ್ರೆ ಚೆನ್ನಾಗಿತ್ತು."

ಬೆಳಗಾಗುತ್ತಲೇ ಅವಳು ಹೊರಟಳು. ಬಸ್ಸು ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಪೈನ್ ಮರಗಳ ದಾರಿಯಲ್ಲೇ ಹತ್ತಿದಳು. ಅಲ್ಲಿ ಒಂದು ಗೂಟವೂ ಇರಲಿಲ್ಲ, ಒಂದು ಹನಿ ಡಾಂಬರೂ ಬಿದ್ದಿರಲಿಲ್ಲ. ಕ್ವಾರಿಯ ದಾರಿಯೂ ಹಾಗೇ ಇತ್ತು, ಕುರಿದಾರಿಯೂ ಹಾಗೇ. 'ನಾನು ತೋರಿಸಿದ್ದನ್ನ ಅವರು ಯಾರಿಗೂ ತೋರಿಸಿಲ್ಲ... ಇದು ಇಷ್ಟು ವರ್ಷ ಕಣ್ಣ ಮುಂದೇನೇ ಇತ್ತಲ್ಲ!'

ಗುಡ್ಡದ ತುದಿ ದಾಟಿ ಆಚೆ ಮಗ್ಗುಲಿಗೆ ಇಳಿಯುವಾಗ ಇನ್ನೊಂದು ಭಯ ಹೊಕ್ಕಿತು. ಅವರಿಗೆ ಮದುವೆಯಾಗಿದ್ದರೆ? ಮಕ್ಕಳಿದ್ದರೆ? ಸರಿ... ಕ್ಷಮೆ ಕೇಳಿ ತಿರುಗಿ ಬರುವುದು.

ಹೊಳೆಯ ದಡದಲ್ಲಿ ಅರ್ಧ ಎದ್ದ ಕಂಬಗಳು, ಸಿಮೆಂಟ್ ಚೀಲಗಳು, ಒಂದು ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಹಗ್ಗದ ಮೇಲೆ ಒಣಗುತ್ತಿದ್ದದ್ದು ಒಬ್ಬನದೇ ಬಟ್ಟೆ. ಅವಳು ನಾಚಿಕೆಯಿಲ್ಲದೆ ಅದನ್ನು ಎರಡು ಸಲ ನೋಡಿದಳು.

"ನೀವಾ...?"

ಅವನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ಕಿವಿಯ ಪಕ್ಕ ನರೆ ಇಣುಕಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತೇಹೋಯಿತು.

"ಅತ್ತೆ ಉಳಿದ್ರು," ಎಂದಳು. "ಎದೆನೋವು ಬಂದಿತ್ತು. ನಿಮ್ಮ ರಸ್ತೇಲಿ ಆಂಬುಲೆನ್ಸ್ ಬಂತು... ಉಳಿದ್ರು."

ಅವನು ಕಣ್ಣು ಮುಚ್ಚಿ ತೆರೆದ. "ಈಗ ಹುಷಾರಾಗಿದ್ದಾರಾ?"

"ಹೂಂ. ಒಂದು ನಿಮಿಷ ಕೇಳಿ ಅಂದ್ರಿ ಅವತ್ತು. ನಾನು ಅದನ್ನೂ ಕೊಡ್ಲಿಲ್ಲ ನಿಮಗೆ."

"ತಪ್ಪು ನನ್ನದೂ ಇದೆ. ಮೊದಲ ದಿನಾನೇ ಹೇಳ್ಬೇಕಿತ್ತು. ಹೇಳಿದ್ರೆ ಮತ್ತೆ ಜೊತೇಲಿ ಕರ್ಕೊಂಡು ಹೋಗಲ್ಲ ಅನ್ನೋ ಹೆದರಿಕೆ... ಒಂದು ಭಾನುವಾರ ಹೋಗ್ಲಿ, ಇನ್ನೊಂದು ಹೋಗ್ಲಿ ಅಂತ ಮುಂದೂಡ್ತಾ ಹೋದೆ. ದಾರಿಗಿಂತ ನಿಮ್ಮನ್ನ..."

"ನನ್ನನ್ನ ಏನು?"

"ಇಷ್ಟ ಪಟ್ಟುಬಿಟ್ಟಿದ್ದೆ. ಇವತ್ತಿಗೂ ಅಷ್ಟೇ."

ಅವಳು ಸೈಕಲ್ಲನ್ನು ತಗಡಿಗೆ ಒರಗಿಸಿ, ಅವನ ಎದುರು ಬಂದು ನಿಂತಳು.

"ನಮ್ಮೂರಿಗೆ ವಾಪಸ್ ಬರ್ತೀಯಾ ನೀನು?"

ಅವನ ಮುಖದಲ್ಲಿ ಮೆಲ್ಲಗೆ ನಗು ಅರಳಿತು. "ಈಗ ನನ್ನ 'ನೀನು' ಅಂದ್ರಾ?"

"ಇಡೀ ಗುಡ್ಡ ಹತ್ತಿ ಇಳಿದು ಬಂದಿದ್ದೀನಿ. ಬಹುವಚನ ಹಚ್ಚೋಕೆ ಉಸಿರು ಉಳಿದಿಲ್ಲ."

"ಹಾಗಾದ್ರೆ ಕೂತ್ಕೋ," ಎಂದ ಅವನು, ಅವಳ ಧೂಳು ಮೆತ್ತಿದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಳ್ಳುತ್ತ. "ನೀರು ತರ್ತೀನಿ. ಕುಡಿದು, ಸುಧಾರಿಸ್ಕೊಂಡು... ಆ ಮಾತನ್ನ ಇನ್ನೊಂದು ಸಲ ಕೇಳು."